ಭಾನುವಾರದ ದೆಹಲಿ ನಕ್ಷೆ ಚರ್ಚೆ: ಸೆಕ್ಷನ್ ಮರೆಯಬೇಡಿ

ಮಾಟುಂಗಾಕ್ಕೆ ಬರುವ ಸದಸ್ಯರೆಲ್ಲರ ಗಮನಕ್ಕೆ. ಕರ್ತವ್ಯ ಪಥದ ಪ್ಲಾನ್ (ಮೇಲಿನಿಂದ ಕಂಡಂತೆ ಬರೆದ ನಕ್ಷೆ) ಒಂದೇ ಸಾಲದು, ರೈಸಿನಾ ಗುಡ್ಡದ ಸೆಕ್ಷನ್ (ಏರಿಳಿತ ತೋರಿಸುವ ಅಡ್ಡಸೀಳು ನಕ್ಷೆ) ಕೂಡ ಬರೆದು ತನ್ನಿ. ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿನ ಬಿಂದು ಗುರುತಿಸಿ, ಇಂಡಿಯಾ ಗೇಟ್ ಕಡೆಯಿಂದ ಹಂತಹಂತವಾಗಿ ನೋಟದ ಗೆರೆ ಎಳೆಯಿರಿ. ವಿಜಯ್ ಚೌಕ ತಲುಪುವಷ್ಟರಲ್ಲಿ ಏರು ರಸ್ತೆ ಅಡ್ಡ ಬಂದು, ರಾಷ್ಟ್ರಪತಿ ಭವನದ ಗುಮ್ಮಟವಷ್ಟೇ ಉಳಿಯುತ್ತದೆ. ವಾಸ್ತುಶಿಲ್ಪಿ ಬೇಕರ್ ತಮ್ಮ ಸಚಿವಾಲಯಗಳನ್ನೂ ಗುಡ್ಡದ ಮೇಲೇ ಇಟ್ಟರು. ಹಾಗಾಗಿ ಭವನ ಹಿಂದೆ ಸರಿಯಿತು. ಭವನದ ವಾಸ್ತುಶಿಲ್ಪಿ ಲುಟಿಯೆನ್ಸ್ ರಸ್ತೆಯ ಈ ಇಳಿಜಾರಿಗೆ ಮೊದಲು ಒಪ್ಪಿ, ಆಮೇಲೆ ತಿದ್ದಿಸಲು ಹೋರಾಡಿದರೂ ಖರ್ಚಿನ ಕಾರಣಕ್ಕೆ ಆಗಲಿಲ್ಲ. 1931ರಲ್ಲಿ ಉದ್ಘಾಟನೆಯಾದ ನಗರದಲ್ಲಿ ಆ ತಪ್ಪು ಇಂದಿಗೂ ಕಾಣುತ್ತದೆ. ಪ್ಲಾನ್‌ನಲ್ಲಿ ಮಾತ್ರ ಗೆರೆ ನೇರವಾಗಿಯೇ ಇದೆ!

ಸಮಯವಿದ್ದರೆ 2023ರ ಸಂಸತ್ ಭವನ ನೋಡೋಣ: ತ್ರಿಕೋನ ನಿವೇಶನ, ಲೋಕಸಭೆಗೆ 888, ರಾಜ್ಯಸಭೆಗೆ 384 ಆಸನ. ಸ್ಕೇಲ್, ಟ್ರೇಸಿಂಗ್ ಪೇಪರ್ ನೀವೇ ತನ್ನಿ.