ಮಾರ್ಕೋಸ್ ಮಗ ಗೆದ್ದಿದ್ದಕ್ಕೆ ಜನಾನ ಯಾಕೆ ಬೈಬೇಕು?

ಮಾನ್ಯ ಸಂಪಾದಕರೇ,

ನಮ್ ಕಡೆ ಫಿಲಿಪ್ಪೀನ್ಸ್ ಅಂದ್ರೆ ನೆನಪಾಗೋದು ಎರಡೇ, ಒಂದು ಹೆಗ್ಗೋಡಿನ ಸುಬ್ಬಣ್ಣನವರಿಗೆ 1991ರಲ್ಲಿ ಬಂದ ಮ್ಯಾಗ್ಸೆಸೆ ಪ್ರಶಸ್ತಿ, ಇನ್ನೊಂದು ಮಾರ್ಕೋಸ್ ಹೆಂಡ್ತಿ ಇಮೆಲ್ಡಾ ಚಪ್ಪಲಿ ರಾಶಿ. 2022ರಲ್ಲಿ ಸರ್ವಾಧಿಕಾರಿ ಮಾರ್ಕೋಸ್ ಮಗ ಬಾಂಗ್‌ಬಾಂಗ್ 3 ಕೋಟಿಗೂ ಜಾಸ್ತಿ ವೋಟು ತಗೊಂಡು ಪ್ರೆಸಿಡೆಂಟ್ ಆದ್ಮೇಲೆ ಇನ್ನೊಂದು ಮಾತು ಸೇರ್ಕೊಂಡಿದೆ, "ತಾವೇ ಓಡಿಸಿದವನ ಮಗನ್ನೇ ಕರ್ಕೊಂಬಂದು ಕೂರಿಸಿದ್ರಲ್ಲ, ಎಂಥಾ ಮರೆಗುಳಿ ಜನ" ಅಂತ. ನಂಗ್ಯಾಕೋ ಇದು ಸರಿ ಕಾಣಲ್ಲ.

ಆ ಜನ ಏನ್ ಕಮ್ಮಿ ಮಾಡಿದ್ರಾ? 1986 ಫೆಬ್ರವರಿ ಎಲೆಕ್ಷನ್ನಲ್ಲಿ ಎಣಿಕೆ ನಡೀತಿರುವಾಗ್ಲೇ ಚುನಾವಣಾ ಆಯೋಗದ 35 ಜನ ಕಂಪ್ಯೂಟರ್ ಆಪರೇಟರ್‌ಗಳು, ಅದ್ರಲ್ಲಿ ಹೆಚ್ಚಿನೋರು ಹೆಣ್ಮಕ್ಳು, ನಾವ್ ಹಾಕಿರೋ ಲೆಕ್ಕಕ್ಕೂ ಬೋರ್ಡ್ ಮೇಲೆ ಬರ್ತಿರೋ ಲೆಕ್ಕಕ್ಕೂ ತಾಳೇನೇ ಆಗ್ತಿಲ್ಲ ಅಂತ ಸೀಟು ಬಿಟ್ಟು ಎದ್ದು ನಡೆದುಬಿಟ್ರು, ಹೋಗಿ ಚರ್ಚ್ ಒಳಗೆ ಸೇರ್ಕೊಂಡ್ರು. ಮಾರ್ಕೋಸ್ ಕಾಲದಲ್ಲಿ ಹಾಗೆ ಎದ್ದು ಬರೋಕೆ ಎಂಟೆದೆ ಬೇಕು ಸ್ವಾಮಿ. ಆಮೇಲೆ ರಾಜಧಾನಿ ಮನಿಲಾದ ಎಡ್ಸಾ ರಸ್ತೇಲಿ ನಾಲ್ಕು ದಿನ ಲಕ್ಷಾಂತರ ಜನ, ಟ್ಯಾಂಕ್ ಮುಂದೆ ಜಪಮಾಲೆ ಹಿಡ್ಕೊಂಡು ಮಂಡಿಯೂರಿದ ಕ್ರೈಸ್ತ ಸನ್ಯಾಸಿನಿಯರು, 25ನೇ ತಾರೀಖು ರಾತ್ರಿ ಮಾರ್ಕೋಸ್ ಜಾಗ ಖಾಲಿ.

ಎಡವಟ್ಟಾಗಿದ್ದು ಅಲ್ಲಿಂದ ಮುಂದೆ. 1987ರಲ್ಲಿ ಹೊಸ ಸಂವಿಧಾನ ಬಂತು, ಒಳ್ಳೇ ಸಂವಿಧಾನವೇ, ಪ್ರೆಸಿಡೆಂಟ್‌ಗೆ 6 ವರ್ಷದ ಒಂದೇ ಅವಧಿ, ಮಾರ್ಷಲ್ ಲಾ (ಸೇನಾಡಳಿತ) ಹೇರಿದ್ರೆ 48 ಗಂಟೆ ಒಳಗೆ ಕಾಂಗ್ರೆಸ್ಸಿಗೆ (ಅಂದ್ರೆ ಅವರ ಪಾರ್ಲಿಮೆಂಟು) ವರದಿ, 60 ದಿನ ಮೀರಂಗಿಲ್ಲ, ಸುಪ್ರೀಂ ಕೋರ್ಟೂ ಪ್ರಶ್ನೆ ಕೇಳಬಹುದು. ಆದ್ರೆ 60 ದಿನ ಮುಂದಕ್ಕೆ ಹಾಕೋ ಅಧಿಕಾರ ಕಾಂಗ್ರೆಸ್ ಕೈಲೇ ಇದೆ. 2017ರಲ್ಲಿ ಆಗಿನ ಪ್ರೆಸಿಡೆಂಟ್ ಡುಟೆರ್ಟೆ ದಕ್ಷಿಣದ ಮಿಂಡನಾವೊ ದ್ವೀಪದಲ್ಲಿ ಹೇರಿದ ಮಾರ್ಷಲ್ ಲಾನ ಕಾಂಗ್ರೆಸ್ಸು ಎಳೆದೂ ಎಳೆದೂ 2019ರ ಕೊನೇ ತನಕ ತಂತು.

ಇನ್ನು ಅದೇ ಸಂವಿಧಾನದ 2ನೇ ವಿಧಿ 26ನೇ ಸೆಕ್ಷನ್ ನೋಡಿ, ರಾಜಕೀಯದಲ್ಲಿ ವಂಶಾಡಳಿತ ನಿಷೇಧ ಅಂತ ಬರೆದು ಪಕ್ಕದಲ್ಲೇ "ಕಾನೂನು ವಿವರಿಸಿದ ಹಾಗೆ" ಅಂತ ಬಾಲ ಅಂಟಿಸಿದಾರೆ. ಆ ಕಾನೂನು ಮಾಡಬೇಕಾದೋರು ಯಾರು, ಅದೇ ಕಾಂಗ್ರೆಸ್ಸು, ಅಲ್ಲಿ ಕೂತಿರೋದು ಅಪ್ಪ ಮಗ ಸೊಸೆ ಭಾಮೈದ. ಮಾರ್ಕೋಸ್ ಓಡಿದ್ಮೇಲೆ ಪ್ರೆಸಿಡೆಂಟ್ ಆದ ಕೋರಿ ಅಕಿನೊ ಒಳ್ಳೇ ಹೆಂಗಸೇ ಇರಬಹುದು, ಆದ್ರೆ ಅವರದ್ದೂ ದೊಡ್ಡ ಜಮೀನ್ದಾರರ ಮನೆ, ಮಗ 2010ರಲ್ಲಿ ಪ್ರೆಸಿಡೆಂಟ್ ಆದ್ರು. 2022ರ ಬ್ಯಾಲೆಟ್‌ನಲ್ಲಿ ಬಾಂಗ್‌ಬಾಂಗ್ ಜೊತೆ ವೈಸ್ ಪ್ರೆಸಿಡೆಂಟಾಗಿ ಗೆದ್ದೋಳು ಡುಟೆರ್ಟೆ ಮಗಳು. ಅಷ್ಟೊತ್ತಿಗೆ ಸಂವಿಧಾನ ಬಂದು 35 ವರ್ಷ ಆಗಿತ್ತು, ಆ ಕಾನೂನು ಬಂದೇ ಇರ್ಲಿಲ್ಲ. ಅಂಗಡೀಲಿ ಇರೋದೇ ಎರಡ್ಮೂರು ಮನೆ ಮಾಲಾದ್ರೆ ಗಿರಾಕಿ ಇನ್ನೇನ್ ತಗೋತಾನೆ?

ತಮಾಷೆ ಅಂದ್ರೆ 2016ರಲ್ಲಿ ಒಂದ್ ಕಡೆ ಮಾತ್ರ ಈ ನಿಷೇಧ ಜಾರಿ ಮಾಡಿದ್ರು, ಊರಿನ ಯುವಜನ ಕೌನ್ಸಿಲ್ಲಿಗೆ. ಅಧಿಕಾರದಲ್ಲಿರೋರ ಮಕ್ಕಳು, ತಮ್ಮ ತಂಗಿ ಅಲ್ಲಿ ನಿಲ್ಲಂಗಿಲ್ಲ. 18ರಿಂದ 24 ವರ್ಷದ ಹುಡುಗ್ರಿಗೆ ರೂಲ್ಸು, ಸೆನೆಟರ್‌ಗಳಿಗೆ ಇಲ್ಲ!

ಮುಂದಿನ ಸಲ ಫಿಲಿಪ್ಪೀನ್ಸ್ ಸುದ್ದಿ ಹಾಕುವಾಗ ಆ ಚಪ್ಪಲಿ ಫೋಟೋ ಬದ್ಲು ಈ 26ನೇ ಸೆಕ್ಷನ್ನೇ ಒಂದ್ ಬಾಕ್ಸ್ ಮಾಡಿ ಹಾಕಿ.

– ನಿಮ್ಮ ಓದುಗ, ಸಾಗರ