ಸೈನಿಕರ ಮನೆಗಳಿಗೊಂದು ಕನ್ನಡ ಕೈಪಿಡಿ: ತಿದ್ದಿಕೊಟ್ಟವರಿಗೆ ವಂದನೆ

ಸೇವೆಯಲ್ಲಿದ್ದಾಗಲೇ ತೀರಿಕೊಂಡ ಸೈನಿಕರ ಮನೆಯವರಿಗಾಗಿ ಸಿದ್ಧವಾಗುತ್ತಿದ್ದ ಕನ್ನಡ ಕೈಪಿಡಿ ಕೊನೆಗೂ ಅಚ್ಚಿಗೆ ಹೋಗಿದೆ. ನೆರವಾದವರಲ್ಲಿ ಬಹಳ ಮಂದಿ ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಆದರೆ ಯಾರು ಯಾವ ತಪ್ಪನ್ನು ತಿದ್ದಿದರು ಅನ್ನುವುದನ್ನಾದರೂ ಬರೆದಿಡಬೇಕು. ಪುಸ್ತಕದ ತಿರುಳಿರುವುದು ಆ ತಿದ್ದುಪಡಿಗಳಲ್ಲೇ.

ಮೊದಲ ನಮಸ್ಕಾರ ನಿವೃತ್ತ ಹವಾಲ್ದಾರ್ ಕ್ಲರ್ಕ್‌ಗಳಿಗೆ. ಕರಡಿನ ಮೊದಲ ಪುಟದಲ್ಲಿ ‘ಹುತಾತ್ಮ ಪ್ರಮಾಣಪತ್ರ ಪಡೆಯಿರಿ’ ಎಂದಿತ್ತು. ಅಂಥ ಕಾಗದವೇ ಇಲ್ಲ ಎಂದು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು. ಊರಿನ ಫ್ಲೆಕ್ಸಿನಲ್ಲಿ, ಟಿವಿಯಲ್ಲಿ ಹುತಾತ್ಮ ಅನ್ನುತ್ತೇವೆ. ರಕ್ಷಣಾ ಸಚಿವಾಲಯದ ದಾಖಲೆಯಲ್ಲಿ ಆ ಪದ ಇಲ್ಲ. ಅಲ್ಲಿರುವುದು ‘ಬ್ಯಾಟಲ್ ಕ್ಯಾಶುವಾಲ್ಟಿ’ (ಯುದ್ಧ, ಕಾರ್ಯಾಚರಣೆಯ ಸಾವುನೋವು) ಇಲ್ಲವೇ ‘ಫಿಸಿಕಲ್ ಕ್ಯಾಶುವಾಲ್ಟಿ’ (ಬೇರೆ ಕಾರಣದ ಸಾವುನೋವು). ಮನೆಯ ಮುಂದಿನ ಲೆಕ್ಕವೆಲ್ಲ ಈ ವರ್ಗೀಕರಣವನ್ನು ಹಿಡಿದು ಹೋಗುತ್ತದೆ. ಶತ್ರುವಿನ ಗುಂಡಿಗೆ ಅಥವಾ ಉಗ್ರರ ವಿರುದ್ಧದ ಕಾರ್ಯಾಚರಣೆಯಲ್ಲಿ ಜೀವ ಹೋದರೆ ಉದಾರೀಕೃತ ಕುಟುಂಬ ಪಿಂಚಣಿ, ಅಂದರೆ ಲೆಕ್ಕಕ್ಕೆ ಬರುವ ಕೊನೆಯ ವೇತನದಷ್ಟೇ, ಶೇ. 100. ಸೇವೆಯ ಕಾರಣದಿಂದಲೇ ಬಂದ ಸಾವು, ಆದರೆ ಕಾರ್ಯಾಚರಣೆಯದಲ್ಲ ಎಂದಾದರೆ ವಿಶೇಷ ಕುಟುಂಬ ಪಿಂಚಣಿ, ಶೇ. 60. ಸೇವೆಗೂ ಸಾವಿಗೂ ಸಂಬಂಧವಿಲ್ಲ ಎಂದು ಬರೆದುಬಿಟ್ಟರೆ ಸಾಮಾನ್ಯ ಕುಟುಂಬ ಪಿಂಚಣಿ: ಮೊದಲ 10 ವರ್ಷ ಶೇ. 50, ಆಮೇಲೆ ಶೇ. 30.

ಗುಂಡು ತಾಗಿಲ್ಲ ಅಂದಮಾತ್ರಕ್ಕೆ ಅದು ಬರೀ ಅಪಘಾತ ಎಂದು ಮನೆಯವರೇ ಒಪ್ಪಿಕೊಂಡುಬಿಡುವುದೂ ಉಂಟು. ಕಾರ್ಯಾಚರಣೆಯ ಪ್ರದೇಶದಲ್ಲಿ ಕರ್ತವ್ಯದ ಮೇಲಿದ್ದಾಗ ಹಿಮಪಾತ, ಭೂಕುಸಿತ, ಪ್ರವಾಹಕ್ಕೆ ಸಿಕ್ಕಿದರೂ ಬ್ಯಾಟಲ್ ಕ್ಯಾಶುವಾಲ್ಟಿ ಆಗಬಹುದು. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ ಧಾರವಾಡ ಜಿಲ್ಲೆ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಸೇರಿ 10 ಯೋಧರನ್ನು ಬಲಿ ತೆಗೆದುಕೊಂಡದ್ದು ಹಿಮ. ಹಾಗಾಗಿ ಸೇನೆಯ ಒಳಗಿನ ವಿಚಾರಣೆ, ಅಂದರೆ ಕೋರ್ಟ್ ಆಫ್ ಎನ್‌ಕ್ವೈರಿ ನಡೆದಿದ್ದರೆ ಅದರ ನಿರ್ಣಯದ ಪ್ರತಿಯನ್ನು ಬರಹದಲ್ಲೇ ಕೇಳಿ. ವರ್ಗೀಕರಣ ತಪ್ಪೆನಿಸಿದರೆ ಮೊದಲು ಮೇಲ್ಮನವಿ, ಅಲ್ಲೂ ಆಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. (ಸಿಆರ್‌ಪಿಎಫ್, ಬಿಎಸ್‌ಎಫ್ ಗೃಹ ಸಚಿವಾಲಯದ ಪಡೆಗಳು, ಅವರ ನಿಯಮ ಬೇರೆ. ಈ ಕೈಪಿಡಿ ಅವರಿಗಲ್ಲ.)

ಎರಡನೆಯ ನಮಸ್ಕಾರ ಈ ದಾರಿಯನ್ನು ನಡೆದು ಮುಗಿಸಿದ ಅಕ್ಕಂದಿರಿಗೆ. ಹೆಸರಿನ ಅಧ್ಯಾಯ ಪೂರ್ತಿ ಅವರದೇ. ಆಧಾರ್‌ನಲ್ಲಿ ಶಾಂತವ್ವ, ಪಾಸ್‌ಬುಕ್ಕಿನಲ್ಲಿ ಶಾಂತಮ್ಮ, ಮದುವೆಯಾದಾಗ ಗಂಡ ಪಲ್ಟನ್ನಿನಲ್ಲಿ ಬರೆಸಿದ, ಸೈನಿಕನ ಮನೆಯ ವಿವರ ದಾಖಲಿಸುವ ಪಾರ್ಟ್ ಟು ಆರ್ಡರ್‌ನಲ್ಲಿ ಶಾಂತಾ. ನಮಗೆ ಮೂರೂ ಒಂದೇ. ಕಂಪ್ಯೂಟರಿಗೆ ಮೂವರು ಹೆಂಗಸರು. ಇನಿಷಿಯಲ್ ಬಿಡಿಸಿ ಬರೆದರೆ ಒಂದು ಹೆಸರು, ಬಿಡಿಸದಿದ್ದರೆ ಇನ್ನೊಂದು. ಹುಟ್ಟಿದ ದಿನವಂತೂ ಹೆಡ್‌ಮಾಸ್ತರರ ಕೃಪೆಯಿಂದ ಅರ್ಧ ಊರಿಗೆ ಜೂನ್ 1. ತಿದ್ದುವಾಗ ಪಾರ್ಟ್ ಟು ಆರ್ಡರ್‌ನಲ್ಲಿರುವ ಕಾಗುಣಿತವನ್ನೇ ಮೂಲವಾಗಿಟ್ಟುಕೊಂಡು ಆಧಾರ್, ಪ್ಯಾನ್, ಬ್ಯಾಂಕ್ ಖಾತೆಗಳನ್ನು ಅದಕ್ಕೆ ಹೊಂದಿಸುವುದು ಸುಲಭ. ಅದು ಆಗದ ಕಡೆ, ಈ ಹೆಸರುಗಳೆಲ್ಲ ಒಬ್ಬರದೇ ಎಂಬ ಅಫಿಡವಿಟ್ ಮಾಡಿಸಿ.

ಮರಣ ಪ್ರಮಾಣಪತ್ರಕ್ಕೆ ಪಂಚಾಯಿತಿಗೆ ಅಲೆಯಬೇಡಿ ಎಂದು ಎಚ್ಚರಿಸಿದವರೂ ಇವರೇ. ಸಾವು ಎಲ್ಲಿ ಆಯಿತೋ ಅಲ್ಲಿಯೇ ನೋಂದಣಿ, ಅದು 1969ರ ಜನನ ಮರಣ ನೋಂದಣಿ ಕಾಯ್ದೆ. ಕುಪ್ವಾರದಲ್ಲಿ ತೀರಿಕೊಂಡವರ ಪತ್ರ ಗದಗದಲ್ಲಿ ಹುಟ್ಟುವುದಿಲ್ಲ. ಅದನ್ನು ಪಲ್ಟನ್ನಿನ ಮೂಲಕ ತರಿಸಿಕೊಳ್ಳಿ, ದೃಢೀಕರಿಸಿದ 10 ಪ್ರತಿಯಾದರೂ ಕೈಯಲ್ಲಿರಲಿ. ಪಿಂಚಣಿಯ ಕಡತ ಹೋಗುವುದು ಆಯಾ ದಳದ ರೆಕಾರ್ಡ್ ಆಫೀಸಿಗೆ: ಮರಾಠಾ ಲೈಟ್ ಇನ್‌ಫೆಂಟ್ರಿ ಆದರೆ ಬೆಳಗಾವಿ, ಮದ್ರಾಸ್ ರೆಜಿಮೆಂಟ್ ಆದರೆ ವೆಲ್ಲಿಂಗ್ಟನ್, ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಆದರೆ ಬೆಂಗಳೂರು. ಮಂಜೂರಾತಿ ರಕ್ಷಣಾ ಪಿಂಚಣಿಯ ಲೆಕ್ಕಪತ್ರ ಕಚೇರಿ ಇರುವ ಪ್ರಯಾಗ್‌ರಾಜ್‌ನಿಂದ, ಹಣ ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆ ‘ಸ್ಪರ್ಶ್’ ಮೂಲಕ. ವರ್ಷಕ್ಕೊಮ್ಮೆ ಬದುಕಿದ್ದೇವೆ ಎಂಬ ಜೀವನ ಪ್ರಮಾಣ ಪತ್ರ ಕೊಡಬೇಕು. ಮರೆತರೆ ಪಿಂಚಣಿ ನಿಲ್ಲುತ್ತದೆ. ರಾಜ್ಯ ಸರ್ಕಾರದ ಪರಿಹಾರ ಬೇರೆಯೇ ಕಡತ, ಅದಕ್ಕೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿ.

ಗುಂಪು ವಿಮೆಯ ಹಣ ನಾಮಿನಿ ಪತ್ರದಲ್ಲಿ ಬರೆದವರಿಗೆ, ಬರೆದ ಪಾಲಿನಂತೆ. ಪಿಂಚಣಿ ಹಾಗಲ್ಲ, ನಿಯಮದ ಪ್ರಕಾರ ಮೊದಲು ಹೆಂಡತಿಗೆ. ಅತ್ತೆ-ಸೊಸೆ ನಡುವೆ ಮಾತು ಕಡಿದುಹೋಗುವುದು ಹೆಚ್ಚಾಗಿ ಇವೆರಡನ್ನು ಒಂದೇ ಎಂದುಕೊಂಡಾಗ. ಹನ್ನೊಂದನೇ ದಿನದ ಕಾರ್ಯ ಮುಗಿಯುವ ತನಕ ಪಲ್ಟನ್ನಿನಿಂದ ಬಂದ ಕಾಗದ ಬಿಟ್ಟು ಬೇರಾವುದಕ್ಕೂ ಸಹಿ ಮಾಡಬೇಡಿ ಎಂಬ ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕಿಸಿದ್ದು ಒಬ್ಬ ಅತ್ತೆಯವರು. ಶೇಕಡಾವಾರು ಕಮಿಷನ್ ಕೇಳುವ ದಲ್ಲಾಳಿಗಳು ಬರುವುದು ಆ ದಿನಗಳಲ್ಲೇ.

ಮೂರನೆಯ ನಮಸ್ಕಾರಕ್ಕೆ ಕೆಲವರು ಹುಬ್ಬೇರಿಸಬಹುದು. ಅದು ಯುದ್ಧ ಬೇಡ ಎಂದು ಬೀದಿಯಲ್ಲಿ ನಿಲ್ಲುವ ಗೆಳೆಯ ಗೆಳತಿಯರಿಗೆ. ‘ನಾನು ಭಿತ್ತಿಪತ್ರ ಹಿಡಿದರೆ ಪಿಂಚಣಿ ನಿಲ್ಲಿಸುತ್ತಾರಾ?’ ಅನ್ನುವ ಪ್ರಶ್ನೆ ಕೈಪಿಡಿಯಲ್ಲಿ ಇರಲೇಬೇಕು ಎಂದು ಹಟ ಹಿಡಿದವರು ಅವರು. ಸೈನಿಕನ ಹೆಂಡತಿ, ತಾಯಿ, ಮಗಳು ನಾಗರಿಕರು. 1950ರ ಸೇನಾ ಕಾಯ್ದೆ ಅವರಿಗೆ ಅನ್ವಯಿಸುವುದಿಲ್ಲ. ಅದೇ ಮನೆಯಲ್ಲಿ ಸೇವೆಯಲ್ಲಿರುವ ತಮ್ಮನೊಬ್ಬ ಇದ್ದರೆ ಅವನ ಮಾತು ಬೇರೆ. ಸಂವಿಧಾನದ 33ನೇ ವಿಧಿ, ಸೇನಾ ಕಾಯ್ದೆಯ 21ನೇ ಕಲಮು ಅವನ ಹಕ್ಕುಗಳಿಗೆ ಮಿತಿ ಹಾಕಿವೆ. ಮೆರವಣಿಗೆಗೆ ಹೋಗುವಂತಿಲ್ಲ, ಅನುಮತಿಯಿಲ್ಲದೆ ಪತ್ರಿಕೆಗೆ ಬರೆಯುವಂತಿಲ್ಲ. ದಯವಿಟ್ಟು ಅವನನ್ನು ಫೋಟೊಗೆ ಎಳೆಯಬೇಡಿ. ಅದೇ ಕಾಯ್ದೆಯ 41ನೇ ಕಲಮಿನಡಿ ಮೇಲಧಿಕಾರಿಯ ಕಾನೂನುಬದ್ಧ ಆಜ್ಞೆಯನ್ನು ಮೀರಿದರೆ ಶಿಕ್ಷೆ. ಎಲ್ಲಿ, ಯಾವಾಗ ಯುದ್ಧ ಎಂದು ತೀರ್ಮಾನಿಸುವುದು ಸರ್ಕಾರ, ಪ್ರಶ್ನೆ ಅದಕ್ಕೇ ಹೋಗಲಿ.

ಸತ್ತವರ ಹೆಸರನ್ನು ಬಳಸುವ ಪುಟಕ್ಕೆ ಹೆಚ್ಚು ಹೊತ್ತು ಹಿಡಿಯಿತು. 2005ರ ಆಗಸ್ಟ್‌ನಲ್ಲಿ ಅಮೆರಿಕದ ಟೆಕ್ಸಾಸ್‌ನ ಕ್ರಾಫರ್ಡ್‌ನಲ್ಲಿ, ಇರಾಕ್‌ನಲ್ಲಿ ಮಗ ಕೇಸಿಯನ್ನು ಕಳೆದುಕೊಂಡ ಸಿಂಡಿ ಶೀಹನ್ ಅಧ್ಯಕ್ಷ ಬುಷ್ ಅವರ ತೋಟದ ಹತ್ತಿರ ಧರಣಿ ಕೂತರು. ರಸ್ತೆ ಬದಿಯಲ್ಲಿ ಸತ್ತ ಸೈನಿಕರ ಹೆಸರಿನ ಶಿಲುಬೆಗಳನ್ನು ನೆಟ್ಟಿದ್ದರು. ಯುದ್ಧವನ್ನು ಬೆಂಬಲಿಸುತ್ತಿದ್ದ ಒಬ್ಬ ತಂದೆ ಮತ್ತೆ ಮತ್ತೆ ಬಂದು ತನ್ನ ಮಗನ ಹೆಸರಿದ್ದ ಶಿಲುಬೆಯನ್ನು ಕಿತ್ತುಕೊಂಡು ಹೋದರು. ಕೇಸಿಯ ಬಂಧುಗಳಲ್ಲೇ ಕೆಲವರು ಆ ಧರಣಿಯನ್ನು ಒಪ್ಪಲಿಲ್ಲ. ಹಾಗಾಗಿ ನಿಯಮ ಇಷ್ಟು: ಹೆಸರು, ಭಾವಚಿತ್ರ ಬೇಕೆಂದರೆ ಹೆಂಡತಿ ಮತ್ತು ಹೆತ್ತವರು, ಇಬ್ಬರ ಕಡೆಯಿಂದಲೂ ಬರಹದ ಒಪ್ಪಿಗೆ ಇರಬೇಕು. ಒಬ್ಬರು ಬೇಡವೆಂದರೂ ಬೇಡ. ಯುದ್ಧದ ಪರ ಫ್ಲೆಕ್ಸ್ ಕಟ್ಟುವ ಪಕ್ಷಗಳಿಗೂ ಇದೇ ನಿಯಮ. ಅವರು ಓದುತ್ತಾರೆಂಬ ನಂಬಿಕೆ ನಮಗೆ ಅಷ್ಟಾಗಿ ಇಲ್ಲ.

ಉಳಿದವು ಚಿಕ್ಕ ಎಚ್ಚರಗಳು. ಸೈನಿಕನೆಂದು ನಂಬಿಸಲು ನಾಗರಿಕರು ಸಮವಸ್ತ್ರ ತೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಮಿನಡಿ ಅಪರಾಧ. ಬೆಂಗಳೂರಿನಲ್ಲಿ 2021ರ ಆದೇಶದಂತೆ ಪ್ರತಿಭಟನೆಗೆ ಜಾಗ ಫ್ರೀಡಂ ಪಾರ್ಕ್ ಮಾತ್ರ. ಪೊಲೀಸರಿಗೆ ಮೊದಲೇ ಅರ್ಜಿ ಕೊಟ್ಟು ಅನುಮತಿ ಪಡೆಯಿರಿ. ಪಾರ್ಥಿವ ಶರೀರ ಊರಿಗೆ ಬರುವ ದಿನ ಯಾವ ಘೋಷಣೆಯೂ ಬೇಡ. ಹೊದಿಸಿದ ಧ್ವಜದ ಕೇಸರಿ ಭಾಗ ತಲೆಯ ಕಡೆಗಿರಬೇಕು, ಚಿತೆಗೆ ಅಥವಾ ಗುಂಡಿಗೆ ಧ್ವಜ ಇಳಿಯಬಾರದು.

ಜಾಲತಾಣದಲ್ಲಿ ಬರುವ ಬೈಗುಳದ ಪುಟ ಬರೆಸಿದ್ದು ಕಾಲವೇ. 2017ರಲ್ಲಿ, ಕಾಶ್ಮೀರದಲ್ಲಿ ಮಡಿದ ಕ್ಯಾಪ್ಟನ್ ಮಂದೀಪ್ ಸಿಂಗ್ ಅವರ ಮಗಳು ಗುರ್‌ಮೆಹರ್ ಕೌರ್, ತಂದೆಯನ್ನು ಕೊಂದದ್ದು ಯುದ್ಧ ಎಂಬ ಫಲಕ ಹಿಡಿದಿದ್ದ ಹಳೆಯ ವಿಡಿಯೊಗಾಗಿ ಬೆದರಿಕೆಗಳನ್ನು ಎದುರಿಸಿದರು. 2025ರಲ್ಲಿ ಪಹಲ್ಗಾಮ್‌ನಲ್ಲಿ ಗಂಡನನ್ನು ಕಳೆದುಕೊಂಡ ಹಿಮಾಂಶಿ ನರ್ವಾಲ್, ಮುಸ್ಲಿಮರ ಮೇಲೆ, ಕಾಶ್ಮೀರಿಗಳ ಮೇಲೆ ಹಗೆ ಬೇಡ, ಶಾಂತಿ ಬೇಕು, ನ್ಯಾಯವೂ ಬೇಕು ಎಂದದ್ದಕ್ಕೆ ಅದೇ ಪಾಡು. ಅಳಿಸುವ ಮೊದಲು ಕೊಂಡಿ, ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ದೂರು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ಗೆ. ಫೋನಿನಲ್ಲಿ ಓಟಿಪಿ ಕೇಳಿ ಹಣ ಹೊಡೆದಿದ್ದರೆ ತಡಮಾಡದೆ 1930.

ಕೊನೆಯ ವಂದನೆ ಮುಖಪುಟವನ್ನು ಬೇಡವೆಂದವರಿಗೆ. ಧ್ವಜ ಹೊದಿಸಿದ ಪೆಟ್ಟಿಗೆಯ ಚಿತ್ರ ಹಾಕಿದ್ದೆವು. ‘ಇದನ್ನು ದಿನಾ ಮೇಜಿನ ಮೇಲೆ ಇಟ್ಟುಕೊಳ್ಳೋಕೆ ಆಗಲ್ಲ’ ಎಂದರು ಒಬ್ಬ ಅಕ್ಕ. ಚಿತ್ರ ತೆಗೆದೆವು. ಈಗ ಅಲ್ಲಿರುವುದು ಸೈನಿಕರ ಆರ್ಮಿ ನಂಬರ್ ಬರೆದುಕೊಳ್ಳಲು ಒಂದು ಖಾಲಿ ಗೆರೆ. ಯಾವ ಕಚೇರಿಗೆ ಹೋದರೂ ಮೊದಲು ಕೇಳುವುದು ಅದನ್ನೇ.