ಬೋರ್ಡಿನ ಮೇಲೆ ಹೆಸರಿಲ್ಲದವರಿಗೆ

ಹೋದ ವಾರ ಕೊನೆಯ ಬಿಲ್ ಪಾಸಾಯಿತು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಫೋನ್ ಮಾಡಿ, "ಅಕ್ಕಾ, ನಮ್ಮ ಕಲ್ಯಾಣಿ ಫೈಲ್ ಮುಗೀತು" ಅಂದಾಗ ನಾನು ಒಲೆ ಮುಂದೆ ಮುದ್ದೆ ತೊಳಸುತ್ತಾ ಇದ್ದೆ. ಕೋಲು ಕೈಯಲ್ಲೇ ಇತ್ತು, ಕಣ್ಣು ತುಂಬಿ ಬಂತು. ನಮ್ಮೂರ ಹಳೇ ಕಲ್ಯಾಣಿ ಸರಿಮಾಡಿಸಲು ನಾಲ್ಕು ವರ್ಷ ಪಟ್ಟ ಓಡಾಟ ಅದು. ಕಲ್ಯಾಣಿ ಪಕ್ಕ ನೆಟ್ಟಿರುವ ಬೋರ್ಡಿನಲ್ಲಿ ಕಾಮಗಾರಿ ಹೆಸರು, ಮೊತ್ತ, ನಮ್ಮಂಥ ನಾಲ್ಕು ಸದಸ್ಯರ ಹೆಸರು ಇದೆ. ನಿಜವಾಗಿ ಕೆಲಸ ಮಾಡಿದವರ ಹೆಸರು ಅಲ್ಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಮಳವಳ್ಳಿ ಕಡೆಯ ಒಂದು ಗ್ರಾಮ ಪಂಚಾಯಿತಿಯ ಸದಸ್ಯೆ. 2020ರ ಡಿಸೆಂಬರ್ ಚುನಾವಣೆಯಲ್ಲಿ ಮೊದಲ ಸಲ ಗೆದ್ದವಳು. ನಮ್ಮದು ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗ. ಕನ್ನಂಬಾಡಿ ತುಂಬಿದ ವರ್ಷವೂ ನೀರು ಇಲ್ಲಿಗೆ ಬರುವಷ್ಟರಲ್ಲಿ ಸೊರಗಿರುತ್ತದೆ. ಅಂಥ ಊರಿಗೆ ಹಳೇ ಕಲ್ಯಾಣಿ ಎಷ್ಟು ದೊಡ್ಡ ಆಸ್ತಿ, ಅಲ್ವಾ? ನಮ್ಮದಕ್ಕೆ ಜೊಂಡು ತುಂಬಿ, ಮೇಲಿನ ಬೀದಿಯ ಬಚ್ಚಲ ನೀರು ಸೇರಿ, ಜನ ಮೂಗು ಮುಚ್ಚಿಕೊಂಡು ಓಡಾಡುವ ಹಾಗಾಗಿತ್ತು.

ಮೊದಲ ನಮಸ್ಕಾರ 2021ರ ವಾರ್ಡ್ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿಗೆ. ಅವತ್ತು ಎಲ್ಲರೂ ಕಾಂಕ್ರೀಟ್ ರಸ್ತೆ, ಹೈಮಾಸ್ಟ್ ದೀಪ ಅಂತ ಬರೆಸುತ್ತಿದ್ದರು. ಅಜ್ಜಿ ಎದ್ದು, "ಕಲ್ಯಾಣಿ ಬರ್ಕೊಳವ್ವ ಮೊದ್ಲು" ಅಂದರು. ವಾರ್ಡ್ ಸಭೆಯಲ್ಲಿ ಬರೆದದ್ದು ಗ್ರಾಮ ಸಭೆಗೆ ಬಂದು, ಅಲ್ಲಿ ಒಪ್ಪಿಗೆಯಾಗಿ, ಕ್ರಿಯಾ ಯೋಜನೆಗೆ ಸೇರಿ, ತಾಲ್ಲೂಕು ಪಂಚಾಯಿತಿ ದಾಟಿ ಜಿಲ್ಲಾ ಪಂಚಾಯಿತಿಗೆ ಹೋಗಬೇಕು. ವಾರ್ಡ್ ಸಭೆಯ ಪುಸ್ತಕದಲ್ಲಿ ಒಂದು ಸಾಲು ಇಲ್ಲದಿದ್ದರೆ ಮುಂದೆ ಯಾವ ದುಡ್ಡೂ ಇಲ್ಲ. ಆ ಸಾಲು ಬರೆಸಿದ್ದು ಅಜ್ಜಿ.

ಮೊದಲ ಸಲ ಕಳಿಸಿದ ಅಂದಾಜು ಪಟ್ಟಿ ವಾಪಸ್ ಬಂತು. ತಪ್ಪು ನಮ್ಮದೇ. ಕಲ್ಲು, ಸಿಮೆಂಟು, ಚರಂಡಿ ಎಲ್ಲವನ್ನೂ ಉದ್ಯೋಗ ಖಾತ್ರಿ ಯೋಜನೆಗೇ, ಅಂದರೆ ನರೇಗಾಕ್ಕೇ ಹಾಕಿದ್ದೆವು. ಆಗ ನರೇಗಾದಲ್ಲಿ ನೂರಕ್ಕೆ ಕನಿಷ್ಠ 60 ಭಾಗ ಕೂಲಿಗೆ ಹೋಗಬೇಕಿತ್ತು, ಸಾಮಗ್ರಿ 40 ದಾಟುವ ಹಾಗಿರಲಿಲ್ಲ. ಎರಡನೇ ಸಲ ಕಳಿಸಿದ ಫೈಲು ಒಂದು ಕಚೇರಿಯಲ್ಲಿ ತಿಂಗಳುಗಟ್ಟಲೆ ಸಿಗಲೇ ಇಲ್ಲ. ಬಸ್ಸಿಗೆ ಕೊಟ್ಟ ದುಡ್ಡು, ಬಿಟ್ಟ ಕೂಲಿ ಲೆಕ್ಕ ಹಾಕಿದರೆ ಈಗಲೂ ಸಂಕಟ ಆಗುತ್ತದೆ.

ಆಗ ನಮ್ಮ ಕೈ ಹಿಡಿದವರು ಜೂನಿಯರ್ ಇಂಜಿನಿಯರ್ ಮೇಡಂ. ಮದುವೆ ಕಾರ್ಡೊಂದರ ಹಿಂದೆ ಎರಡು ಗೆರೆ ಎಳೆದು ಅವರು ತಿಳಿಸಿಕೊಟ್ಟದ್ದು ನನಗೆ ಬಾಯಿಪಾಠವಾಗಿದೆ. ಹೂಳು ತೆಗೆಯುವುದು, ಗಿಡಗಂಟಿ ಸವರುವುದು, ಏರಿ ಕಟ್ಟುವುದು ನರೇಗಾಕ್ಕೆ. ಮಳೆ ನೀರು ತರುವ ಕಾಲುವೆ, ಬಚ್ಚಲ ನೀರನ್ನು ಬೇರೆ ಕಡೆ ತಿರುಗಿಸುವ ಚರಂಡಿ 15ನೇ ಹಣಕಾಸು ಆಯೋಗದ ಅನುದಾನಕ್ಕೆ. ಆ ಅನುದಾನದಲ್ಲಿ ನೂರಕ್ಕೆ 60 ಭಾಗ ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ಒಂದೇ ಕೆಲಸವನ್ನು ಹೀಗೆ ಎರಡು ಕಡೆಗೆ ಹಂಚಿದ ಮೇಲೆ ಫೈಲು ನಡೆಯಿತು. ಮೇಡಂಗೆ ಬೇರೆ ಊರಿಗೆ ವರ್ಗ ಆಗಿದೆ. ಇದನ್ನು ಯಾರಾದರೂ ಅವರಿಗೆ ತಲುಪಿಸಿ.

ಪಕ್ಕದ ತೋಟದ ಅಣ್ಣನನ್ನು ಹೇಗೆ ನೆನೆಯಲಿ? ಪಹಣಿಯಲ್ಲಿ ಕಲ್ಯಾಣಿ ಸರ್ಕಾರಿ ಖರಾಬು (ಸಾಗುವಳಿಗೆ ಬಾರದ ಸರ್ಕಾರಿ ಜಾಗ) ಎಂದಿತ್ತು, ಗಡಿ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಭೂಮಾಪಕರು ಅಳೆದ ದಿನ ಗಡಿ ಕಲ್ಲು ಬಿದ್ದದ್ದು ಅಣ್ಣನ ತೆಂಗಿನ ಸಾಲಿನ ಒಳಗೆ. ಆರು ಮರ ಕಲ್ಯಾಣಿ ಕಡೆಗೆ ಬಂದವು. ಜಗಳ ಆಗುತ್ತದೆ ಅಂತ ನಾವೆಲ್ಲ ಉಸಿರು ಹಿಡಿದು ನಿಂತಿದ್ದೆವು. ಅವರು ಏನೂ ಹೇಳದೆ ಮನೆಗೆ ಹೋದರು. ಮಾರನೇ ದಿನ ಬೆಳಿಗ್ಗೆ ಪಂಚಾಯಿತಿಗೆ ಬಂದು, "ಈ ಸಲದ ಕಾಯಿ ಕಿತ್ಕೊಂಡು ಬಿಡ್ತೀನಿ, ಆಮೇಲೆ ಊರಿಂದು" ಅಂದರು. ಮರ ಕಡಿಯಲಿಲ್ಲ. ಈಗ ಅದರ ನೆರಳಲ್ಲೇ ಎಲ್ಲರೂ ಕೂರುತ್ತಾರೆ.

ಊರಲ್ಲಿ ಕೆಲವರು, "ದಾಸನದೊಡ್ಡಿ ಕಾಮೇಗೌಡ್ರು ಯಾವ ಸರ್ಕಾರನ ಕೇಳಿದ್ರು? ಕುರಿ ಕಾಯ್ಕೊಂಡೇ ಕುಂದಿನಿ ಬೆಟ್ಟದಲ್ಲಿ ನೀರಿನ ಕಟ್ಟೆ ಕಟ್ಟಲಿಲ್ವಾ?" ಅಂತ ಕೇಳಿದರು. ನಮ್ಮ ತಾಲ್ಲೂಕಿನವರೇ ಅವರು, 2022ರಲ್ಲಿ ತೀರಿಕೊಂಡರು. ಅವರ ಹೆಸರು ಹೇಳಿದರೆ ನನಗೆ ಹೆಮ್ಮೆ, ಜೊತೆಗೆ ನೋವು ಕೂಡ. ಕುರಿ ಕಾಯುವ ಒಬ್ಬರು ತಮ್ಮ ಕೈಯಿಂದ ದುಡ್ಡು ಹಾಕಿ ಮಾಡಬೇಕಾಯಿತಲ್ಲ! ಅನುದಾನ ನಮ್ಮೆಲ್ಲರ ತೆರಿಗೆ ದುಡ್ಡು. ಊರು ಒಟ್ಟಾಗಿ ಹೋಗಿ ಕೇಳುವುದರಲ್ಲಿ ನಾಚಿಕೆ ಏನಿದೆ?

ಮಂಜೂರಾತಿ ಬಂದ ಹೊತ್ತಿಗೆ ಬರ ಬಂದಿತ್ತು. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದರು. ಕಬ್ಬು ಒಣಗಿತ್ತು, ಗಂಡಸರು ಬೆಂಗಳೂರಿಗೆ ಕೆಲಸ ಹುಡುಕಿ ಹೋಗಿದ್ದರು. 2024ರ ಜನವರಿಯಲ್ಲಿ ಗುದ್ದಲಿ ಹಿಡಿದವರು ಜಾಸ್ತಿ ಹೆಂಗಸರೇ. ನಮೂನೆ 6ರಲ್ಲಿ ಕೆಲಸ ಕೇಳಿ, ಬೆಳಿಗ್ಗೆಯೇ ಮಂಕರಿ ಹಿಡಿದು ಇಳಿಯುತ್ತಿದ್ದರು. ದಿನಕ್ಕೆ 316 ರೂಪಾಯಿ, ಏಪ್ರಿಲ್‌ನಿಂದ 349. ಮಧ್ಯೆ ಕೂಲಿ ಬರುವುದು ವಾರಗಟ್ಟಲೆ ತಡವಾಯಿತು. ಅಂಗಡಿ ಅಣ್ಣ ಅಕ್ಕಿ, ಎಣ್ಣೆ ಸಾಲ ಕೊಟ್ಟು ಒಂದು ಮಾತೂ ಆಡಲಿಲ್ಲ. ಅವರಿಗೂ ನಾವು ಋಣಿ. ಕೂಲಿಯವರ ಗುಂಪು ನೋಡಿಕೊಳ್ಳುವ ನಮ್ಮ ಕಾಯಕ ಬಂಧು ಹುಡುಗಿ ಹಾಜರಾತಿ ಫೋಟೋ ಹಾಕಲು ನೆಟ್‌ವರ್ಕ್ ಹುಡುಕುತ್ತಾ ದಿನಕ್ಕೆ ಎರಡು ಸಲ ಏರಿ ಮೇಲೆ ಓಡುತ್ತಿದ್ದಳು. ಫೋಟೋ ಹೋಗದಿದ್ದರೆ ಅಷ್ಟೂ ಜನರ ಅವತ್ತಿನ ಕೂಲಿ ಹೋದಂತೆ. ಒಂದು ದಿನವೂ ತಪ್ಪಿಸಲಿಲ್ಲ ಅವಳು.

ಮೂರನೇ ವಾರ ಇರಬೇಕು. ಹೂಳಿನಲ್ಲಿ ಒಂದು ಗುದ್ದಲಿ ಟಣ್ ಅಂದಿತು. ಎಲ್ಲರೂ ಕೈಯಲ್ಲೇ ಕೆಸರು ಬಳಿದರು. ಮೆಟ್ಟಿಲು! ಕರಿ ಕಲ್ಲು, ಅಂಚು ಸವೆದು ನುಣ್ಣಗಾಗಿತ್ತು. ಒಂದು ಕೊಡ ನೀರು ಸುರಿದು ಸೆರಗಲ್ಲಿ ಒರೆಸಿದಾಗ ಕಲ್ಲಿನ ಮೇಲೆ ಗೆರೆಗಳು ಕಂಡವು. ಐದು ಸಾಲು, ಐದು ಮನೆ, ನಾಲ್ಕು ಕಡೆ ಮತ್ತು ನಡುವೆ ಅಡ್ಡ ಗೆರೆ. ಯಾರೋ ಯಾವ ಕಾಲದಲ್ಲೋ ಕೊರೆದ ಚೌಕಾಬಾರದ ಮನೆ. ಅದೇ ಅಜ್ಜಿಯನ್ನು ಕರೆದುಕೊಂಡು ಬಂದೆವು. ಅಜ್ಜಿ ಕೋಲು ಊರಿಕೊಂಡು ಬಗ್ಗಿ, ಬೆರಳಲ್ಲಿ ಗೆರೆ ಸವರಿ, "ಬಟ್ಟೆ ಒಣಗೋಗಂಟ ಇಲ್ಲೇ ಆಡ್ತಿದ್ದೊ ಕಣವ್ವ, ನಾನೂ ನಮ್ಮಕ್ಕನೂ" ಅಂದರು. ಅವತ್ತು ಮಧ್ಯಾಹ್ನ ಯಾರಿಗೂ ಬುತ್ತಿ ನೆನಪಾಗಲಿಲ್ಲ.

ಆ ವರ್ಷ ಮಳೆ ಚೆನ್ನಾಗಿ ಆಯಿತು. ಜುಲೈನಲ್ಲಿ ಕನ್ನಂಬಾಡಿ ತುಂಬಿತು. ನಮ್ಮ ಕಲ್ಯಾಣಿಗೆ ಹಿಂಗಾರಿನಲ್ಲಿ ನೀರು ಬಂತು. ಚರಂಡಿ, ಕಾಲುವೆ ಕೆಲಸ ಆಮೇಲೆ ಒಂದೊಂದಾಗಿ ಮುಗಿದವು.

ಜೆರಾಕ್ಸ್ ದುಡ್ಡು ತೆಗೆದುಕೊಳ್ಳದ ಬಸ್ ಸ್ಟ್ಯಾಂಡಿನ ತಮ್ಮನಿಗೆ, ಅರ್ಜಿಗಳನ್ನು ಟೈಪ್ ಮಾಡಿಕೊಟ್ಟ ಅರಿವು ಕೇಂದ್ರದ (ನಮ್ಮ ಪಂಚಾಯಿತಿ ಗ್ರಂಥಾಲಯದ) ಮೇಲ್ವಿಚಾರಕರಿಗೆ, ಮನೆ ಮುಂದೆ ಬಚ್ಚಲ ಗುಂಡಿ ತೋಡಿಸಿಕೊಂಡ ಮೇಲಿನ ಬೀದಿಯವರಿಗೆ, ನಾನು ಕಚೇರಿ ಅಲೆಯುವಾಗ ಹಸು ನೋಡಿಕೊಂಡ ನಮ್ಮ ಅತ್ತೆಗೆ ಕೈ ಮುಗಿಯುತ್ತೇನೆ.

ಪೂರ್ವ ದಿಕ್ಕಿನ ಮೆಟ್ಟಿಲು ಇನ್ನೂ ಬಾಕಿ ಇದೆ. ನಮ್ಮ ಅವಧಿ ಮುಗಿಯುತ್ತಾ ಬಂತು. ಮುಂದೆ ಯಾರೇ ಗೆದ್ದು ಬರಲಿ, ಸರ್ವೆ ನಕ್ಷೆ, ಎರಡೂ ಅಂದಾಜು ಪಟ್ಟಿ, ಹಳೇ ಫೋಟೋ, ವಾಪಸ್ ಬಂದ ಕಾಗದಗಳು, ಎಲ್ಲವನ್ನೂ ಹಸಿರು ಫೈಲಿನಲ್ಲಿ ಹಾಕಿ ಅರಿವು ಕೇಂದ್ರದಲ್ಲಿ ಇಟ್ಟಿದ್ದೇನೆ. ಮದುವೆ ಕಾರ್ಡೂ ಅದರೊಳಗೇ ಇದೆ.

ಅಜ್ಜಿ, ಭಾನುವಾರ ಸಂಜೆ ಬನ್ನಿ. ಕವಡೆ ನಾನು ತರುತ್ತೇನೆ.